ಬೆಟ್ಟದ ಬಸ್ಸಿನ ರೈಟಮ್ಮ

ನಾನು ಅವಳನ್ನು ಮೊದಲು ನೋಡಿದ ದಿನ ಅವಳು ಒಂದು ಕೈಯಲ್ಲಿ ಬಸುರಿಯೊಬ್ಬಳ ಮೊಣಕೈ, ಇನ್ನೊಂದರಲ್ಲಿ ಆಕೆಯ ಟ್ರಂಕು ಹಿಡಿದುಕೊಂಡು ಹೆಂಗಸರ ವಿಶ್ರಾಂತಿ ಕೋಣೆಗೆ ಬಂದಳು. ನಾನು ನೆಲ ಒರೆಸುತ್ತಿದ್ದೆ. ಬೆಟ್ಟದ ಬುಡದ ಬಸ್ ನಿಲ್ದಾಣ. ಎರಡು ಬೆಂಚು, ಒಂದು ಬೇಸಿನ್ನು, ಮೂರು ಕಕ್ಕಸು. ಯಜಮಾನರು ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು.

"ಅಜ್ಜಿ, ಇವರನ್ನ ಕೂರಿಸ್ಕೊಳ್ಳಿ. ಸಂಜೆ ಬಸ್ಸಿಗೆ ವಾಪಸ್ ಹತ್ತಿಸಿ," ಎಂದಳು.

ಬಸುರಿ ಕೈ ಕಿತ್ತುಕೊಂಡಳು. "ಮೇಲೆ ನಮ್ಮಮ್ಮ ಹಾಸಿಗೆ ಹಿಡಿದಿದ್ದಾಳೆ. ನೀನೂ ಹೆಣ್ಣೇ ತಾನೆ?"

"ನಾನು ಕಂಡಕ್ಟರ್."

ಬೆಟ್ಟದ ನೆತ್ತಿ ಹನ್ನೆರಡು ಸಾವಿರ ಅಡಿ. ಅಲ್ಲಿ ಗಟ್ಟಿಮುಟ್ಟಾದವರಿಗೂ ನಾಲ್ಕು ಹೆಜ್ಜೆಗೆ ಏದುಸಿರು. ಡಾಕ್ಟರ ಚೀಟಿ ಇಲ್ಲದ ಬಸುರಿಯರನ್ನು ಮೇಲೆ ಒಯ್ಯಬಾರದೆಂದು ನಿಯಮ. ಕೇಳಿ ಇಳಿಸುವುದು ಕಂಡಕ್ಟರ ಕೆಲಸ. ಗಂಡಸು ಕಂಡಕ್ಟರುಗಳು ಕಿಟಕಿ ಕಡೆ ನೋಡಿಕೊಂಡು "ಯಾರಾದ್ರೂ ಇದ್ದೀರಾ" ಎಂದು ಗೊಣಗಿ ಮುಂದೆ ಹೋಗುತ್ತಿದ್ದರು. ಇವಳು ಪ್ರತಿಯೊಬ್ಬ ಹೆಂಗಸಿನ ಮುಂದೆ ನಿಂತು ಮುಖ ನೋಡಿ ಕೇಳುತ್ತಿದ್ದಳು. ಕೇಳಿ ಮುಗಿದ ಮೇಲೆ "ರೈಟ್ ರೈಟ್" ಎಂದು ಬಾಗಿಲು ಬಡಿದರೆ ನನ್ನ ಕೋಣೆಯೊಳಗೂ ಕೇಳಿಸುತ್ತಿತ್ತು. ಅದಕ್ಕೇ ಡ್ರೈವರ್ ಅವಳಿಗೆ ರೈಟಮ್ಮ ಎಂದು ಹೆಸರಿಟ್ಟಿದ್ದ. ನಾನು ನೋಡುತ್ತಿದ್ದ ಹಾಗೆ ಇಪ್ಪತ್ತಮೂರು ಹೆಂಗಸರನ್ನು ಇಳಿಸಿದಳು. ಹೆಚ್ಚಿನವರು ಅತ್ತರು. ಒಬ್ಬಳು ಅವಳ ಕೈ ಕಚ್ಚಿದಳು.

ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ದಾರಿಯಲ್ಲಿ ಒಂದು ವರ್ಷ ಎಡೆಬಿಡದೆ ದುಡಿದರೆ ಕಾಯಂ. ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ.

ಒಂದು ಬೆಳಿಗ್ಗೆ ಬೇಸಿನ್ನಿನ ಹತ್ತಿರ ಅವಳನ್ನು ಹಿಡಿದೆ.

"ಎಷ್ಟು ತಿಂಗಳು?"

"ಏನು ಎಷ್ಟು?"

"ಮೂರು ದಿನದಿಂದ ಇದನ್ನ ತೊಳೀತಿರೋಳು ನಾನು. ನನ್ನ ಹತ್ರ ನಾಟಕ ಬೇಡ."

ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮೂರು ತುಂಬ್ತು. ಮದುವೆಯಾಗಿ ಏಳು ವರ್ಷಕ್ಕೆ."

"ಆಫೀಸಲ್ಲಿ ಹೇಳ್ಬಿಡು."

"ಹೇಳಿದ್ರೆ ಇವತ್ತೇ ಇಳಿಸ್ತಾರೆ. ಇನ್ನು ಒಂಬತ್ತು ವಾರ ಅಜ್ಜಿ. ಆಮೇಲೆ ಕೆಲಸಾನೂ ಇರುತ್ತೆ, ಹೆರಿಗೆ ರಜಾನೂ ಸಿಗುತ್ತೆ."

"ಡಾಕ್ಟರ ಚೀಟಿಯಾದ್ರೂ ತಗೋ."

"ದಿನಾ ಹತ್ತಿ ಇಳಿಯೋಕೆ ಯಾವ ಡಾಕ್ಟರ್ ಚೀಟಿ ಕೊಡ್ತಾರೆ?"

"ಮೇಲೆ ಹೋದಾಗ ಹೇಗಿರುತ್ತೆ?"

"ತಲೆ ಸಿಡಿಯುತ್ತೆ. ಅಲ್ಲಿ ಎಲ್ರಿಗೂ ಸಿಡಿಯುತ್ತೆ. ನೀವು ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡಿ, ನಿಮ್ಮ ದಮ್ಮಯ್ಯ."

ನಾನು ಬಾಯಿ ಬಿಡಲಿಲ್ಲ. ನಿಲ್ದಾಣದ ಮೇಲ್ವಿಚಾರಕರ ಕೋಣೆ ನನ್ನ ಕೋಣೆಯ ಪಕ್ಕದ್ದೇ, ಒಂದು ಗೋಡೆ ಅಡ್ಡ. ದಿನಕ್ಕೆರಡು ಸಲ ಅಲ್ಲಿ ಕಸ ಗುಡಿಸುತ್ತಿದ್ದೆ. ಅವರು ಕಾಲೆತ್ತುತ್ತಿದ್ದರು, ನಾನು ಗುಡಿಸಿ ಬರುತ್ತಿದ್ದೆ. ಅವಳು ಟಿಕೆಟ್ ಚೀಲದ ಪಟ್ಟಿ ಸಡಿಲ ಮಾಡಿ ಚೀಲವನ್ನು ಹೊಟ್ಟೆಯ ಮೇಲೆ ಇಳಿಬಿಟ್ಟುಕೊಂಡಳು. "ರೈಟಮ್ಮ, ಊದ್ಕೋತಾ ಇದ್ದೀಯಲ್ಲ, ಕ್ಯಾಂಟೀನಿನ ಮೇಲೆ ಕೇಸ್ ಹಾಕೋಣ್ವಾ?" ಎಂದು ಡ್ರೈವರ್ ರೇಗಿಸಿದರೆ ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ. ಆಗಲೂ ಬೇರೆಯವರನ್ನು ಇಳಿಸುವುದನ್ನು ಬಿಡಲಿಲ್ಲ. ಇಪ್ಪತ್ತಮೂರನೆಯವಳು, ನಾಲ್ಕು ತಿಂಗಳಿನವಳು, "ನಿನ್ನ ಹೊಟ್ಟೆಗೂ ಒಂದು ಬರ್ಲಿ, ಆಗ ಗೊತ್ತಾಗುತ್ತೆ" ಎಂದು ಉಗಿದಳು. ರೈಟಮ್ಮ ಆಕೆಯ ಟ್ರಂಕನ್ನು ಬೆಂಚಿನ ಕೆಳಗೆ ತಳ್ಳಿ, ಬೆನ್ನು ಹಿಡಿದುಕೊಂಡು ಎದ್ದು ಹೋದಳು.

ವರ್ಷ ತುಂಬಲು ಹನ್ನೊಂದು ದಿನ ಬಾಕಿಯಿದ್ದಾಗ ಮಧ್ಯಾಹ್ನ ಬರುವ ಬಸ್ಸು ನಿಲ್ದಾಣದೊಳಗೆ ಬರದೆ ನೇರ ಆಸ್ಪತ್ರೆಗೆ ಹೋಯಿತು. ಮೇಲಿನಿಂದ ಇಳಿಯುವಾಗ ಅರ್ಧ ದಾರಿಗೆ ಅವಳಿಗೆ ರಕ್ತ ಶುರುವಾಗಿತ್ತಂತೆ. ಆಗಲೂ ಡ್ರೈವರಿಗೆ ಬೆನ್ನುನೋವು ಎಂದೇ ಹೇಳಿದ್ದಳಂತೆ.

ಮೂರನೆಯ ದಿನ ನೋಡಲು ಹೋದೆ. ಎತ್ತರದಿಂದಲೇ ಕೂಸು ಹೋಯಿತೆಂದು ಹೇಳಲಾಗದು, ಕೆಳಗಿದ್ದಿದ್ದರೂ ಆಗಬಹುದಿತ್ತು ಎಂದು ಡಾಕ್ಟರಮ್ಮ ಹೇಳಿದ್ದರು. ಆ ಮಾತು ಯಾರಿಗೂ ಸಮಾಧಾನ ತರಲಿಲ್ಲ. ಅವಳ ಅತ್ತೆ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಒಳಗೆ ಹೋಗಿರಲೇ ಇಲ್ಲ. ಆಫೀಸಿನ ಕಾಗದ ಅಷ್ಟರಲ್ಲೇ ಬಂದಿತ್ತು: ಗರ್ಭಿಣಿ ಎಂಬುದನ್ನು ಮುಚ್ಚಿಟ್ಟು ನಿಯಮ ಮುರಿದದ್ದಕ್ಕೆ ಕೆಲಸದಿಂದ ತೆಗೆಯಲಾಗಿದೆ. ಕೂಸಿನ ವಿಷಯ ಅದರಲ್ಲಿ ಒಂದಕ್ಷರ ಇರಲಿಲ್ಲ.

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸ್ಟೂಲು ಎಳೆದುಕೊಂಡು ಕೂತೆ. ಅವಳು ತಿರುಗದೆಯೇ ಕೇಳಿದಳು:

"ಅಜ್ಜಿ, ಅಷ್ಟು ಜನರನ್ನ ನಾನು ಇಳಿಸ್ದೆ. ನಿಮಗೊಬ್ಬರಿಗೆ ಗೊತ್ತಿತ್ತು. ನನ್ನನ್ನ ಯಾಕೆ ಇಳಿಸ್ಲಿಲ್ಲ?"