ಟ್ರಿಗರ್ ಪರೀಕ್ಷೆ

ಗೆಳೆಯರೇ, ತೊಗರಿಗೆ ನುಗ್ಗುವ ಕಾಡುಹಂದಿ ಹೊಡೆಯಲು ಪರವಾನಗಿ ಇರುವ ಇಬ್ಬರು ಶಿಕಾರಿಗಳು ಇವತ್ತು ಯಾಲಾಲದ ನಮ್ಮ ಹೊಲಕ್ಕೆ ಬಂದರು. ಒಬ್ಬರು ನಿವೃತ್ತ ಸೈನಿಕ, ಇನ್ನೊಬ್ಬರು ತಾಂಡೂರಿನ ವಕೀಲರು. ಬಂದವರೇ ರೈಫಲ್ ಹೋಲಿಸತೊಡಗಿದರು.

“ನಿಮ್ಮ ಟ್ರಿಗರ್ ಭಾಳ ಬಿಗಿ ಅದ ಸಾಬ್. ಎಳಿಯೋದ್ರಾಗ ಗುರಿ ತಪ್ಪತದ,” ಎಂದರು ವಕೀಲರು.

“ನಿಮ್ದು ಕೆಮ್ಮಿದ್ರೂ ಹಾರತದ್ರಿ,” ಎಂದರು ಸೈನಿಕರು.

ಎರಡು ಸಲ ಚಹಾ ಆಯಿತು. ಕೊನೆಗೆ ಬದುವಿನ ಮಣ್ಣಿಗೆ ಕಾಗದ ಸಿಕ್ಕಿಸಿ ಹೊಡೆದು ನೋಡಿದರು. ಇಬ್ಬರ ಗುಂಡುಗಳೂ ಒಂದೇ ತೂತಿನಲ್ಲಿ ಹೋದವು. ಖುಷಿಯಿಂದ ಕೈ ಕುಲುಕಿದರು.

“ಇಷ್ಟು ಸಪ್ಪಳ ಆತು, ಇವತ್ತ ಹಂದಿ ಬರಂಗಿಲ್ರಿ ಪಾಟೀಲ್ರ. ನಾಳಿಗಿ ಬರ್ತೀವಿ,” ಎಂದು ನನಗೆ ಹೇಳಿ ಹೊರಟರು.

ಹೊತ್ತು ಮುಳುಗುವಷ್ಟರಲ್ಲಿ ಹಂದಿಗಳು ಬಂದವು. ಆಗಿನಿಂದ ಅವನ್ನು ಓಡಿಸಲು ತಾಟು ಬಡಿಯುತ್ತಿದ್ದೇನೆ. ಇದಕ್ಕೆ ಟ್ರಿಗರ್ ಇಲ್ಲ, ಗುರಿಯೂ ಬೇಕಿಲ್ಲ. ಕೈ ಮಾತ್ರ ಸೋತುಹೋಗುತ್ತದೆ.