ಮೂರು ಫೂಟು

ನಮ್ಮ ಬಾಸ್ಕೆಟ್‌ಬಾಲ್ ಕೋಚ್ ಧಮ್ಮಪಾಲ ಸರ್‌ಗೆ ನಾವು ಹುಡುಗಿಯರು ಬಾವಲಿ ಸರ್ ಎಂದು ಹೆಸರಿಟ್ಟಿದ್ದೆವು. ನಾವು ಅಂದರೆ ನಾನೇ. 1999ರಲ್ಲಿ ನೌಬಾದದಿಂದ ಸೈಕಲ್ ತುಳಿದುಕೊಂಡು ಬೀದರದ ಕಾಲೇಜಿಗೆ ಮೊದಲ ದಿನದ ಪ್ರಾಕ್ಟೀಸಿಗೆ ಬಂದಾಗ ಕಂಡದ್ದಿಷ್ಟು: ಬಾಸ್ಕೆಟ್‌ಬಾಲ್ ರಿಂಗ್ ಹಿಡಿದು ಒಬ್ಬ ಗಂಡಸು ನೇತಾಡುತ್ತಿದ್ದಾರೆ, ಕೆಳಗೆ ಒಂದು ಸ್ಟೂಲು, ದೂರದಲ್ಲಿ ಒಂಬತ್ತು ಹುಡುಗಿಯರು ಕೈಕಟ್ಟಿ ನಿಂತಿದ್ದಾರೆ. ಯಾರೂ ನಗುತ್ತಿಲ್ಲ. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಇಳಿದು ಬಂದವರು ಬೈಯಲಿಲ್ಲ.

"ಹೆಸರೇನವಾ?"

"ಸಪನಾ ರೀ ಸರ್. ಕಂಬ ಬೀಳ್ತದೇನ್ರಿ?"

"ಬೀಳೋದಿದ್ರ ನನ್ನ ಮ್ಯಾಲ ಬೀಳ್ಲಿ. ನಿಮ್ಮ ಮ್ಯಾಲ ಬ್ಯಾಡ" ಎಂದರು. ಮುಖ ಬೆವರಿನಿಂದ ತೊಯ್ದಿತ್ತು. ಅದು ಡಿಸೆಂಬರ್ ತಿಂಗಳು.

ಅವರ ದಿನ ಶುರುವಾಗುತ್ತಿದ್ದುದೇ ಹೆದರಿಕೆಯಿಂದ. ಬೆಳಗ್ಗೆ ಮೈಲೂರಿನ ಮನೆಯಿಂದ ನೇರ ಕೋರ್ಟಿಗೆ ಬಂದು ಮೊದಲು ಕಂಬಕ್ಕೆ ಭುಜ ಕೊಟ್ಟು ದೂಡುವರು. ಆಮೇಲೆ ಮೊಣಕಾಲೂರಿ ಬುಡಕ್ಕೆ ಪಾನಾದಿಂದ ಟಣ್ ಟಣ್ ಎಂದು ಬಡಿದು ಕಿವಿಗೊಡುವರು. ನಟ್ಟು ಬಿಗಿಯುವ ಆ ಪಾನಾ ಸದಾ ಅವರ ಪ್ಯಾಂಟಿನ ಜೇಬಿನಲ್ಲಿ ಇರುತ್ತಿತ್ತು, ಮದುವೆಗೆ ಹೋದಾಗಲೂ. ಕೊನೆಗೆ ಸ್ಟೂಲು ಹತ್ತಿ ರಿಂಗಿಗೆ ಜೋತುಬಿದ್ದು ಮೂವತ್ತು ಎಣಿಸುವರು. ಎಣಿಕೆ ಮಾತ್ರ ತಾಯಿ ಶಾಲುಬಾಯಿ ಕಲಿಸಿದ ಮರಾಠಿಯಲ್ಲಿ: ಏಕ, ದೋನ, ತೀನ. ಹದಿನೈದರ ಹೊತ್ತಿಗೆ ದನಿ ನಡುಗುತ್ತಿತ್ತು. ಕೈ ಸೋತು ಬಂದ ನಡುಕ ಅದಲ್ಲ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಎರಡೂ ಕಂಬಗಳಿಗೆ ಇಷ್ಟೆಲ್ಲ ಆದ ಮೇಲೆಯೇ ನಮ್ಮ ಕೈಗೆ ಚೆಂಡು.

ಐವತ್ತು ದಾಟಿದ ಮೇಲೆ ಸರ್‌ಗೆ ಸಕ್ಕರೆ ಕಾಯಿಲೆ ಬಂತು, ಮೈ ಇಳಿಯಿತು. ಉಳಿದವರಾದರೆ ತೂಕ ಇಳಿಯಿತೆಂದು ಖುಷಿಪಡುತ್ತಾರೆ. ಇವರಿಗೆ ಹೊಸ ಹೆದರಿಕೆ ಹಿಡಿಯಿತು: ತಮ್ಮಷ್ಟು ಹಗುರ ಮನುಷ್ಯ ಜೋತುಬಿದ್ದರೆ ಕಂಬದ ನಿಜ ಗೊತ್ತಾಗುವುದು ಹೇಗೆ? ಗಾಂಧಿ ಗಂಜಿನ ಹಳೆಯ ತಕ್ಕಡಿ ಅಂಗಡಿಯಿಂದ ಐದೈದು ಕಿಲೋದ ನಾಲ್ಕು ತೂಕದ ಕಲ್ಲು ತಂದರು. ಅವನ್ನು ಜೋಳಿಗೆಗೆ ಹಾಕಿ, ಜೋಳಿಗೆ ಹೆಗಲಿಗೆ ಹಾಕಿಕೊಂಡು ನೇತಾಡತೊಡಗಿದರು. ಅಷ್ಟು ಹೊತ್ತಿಗೆ ನಾನು ಓದು ಮುಗಿಸಿ ಅದೇ ಕಾಲೇಜಿನಲ್ಲಿ ಅವರ ಕೈಕೆಳಗೆ ಕೋಚ್ ಆಗಿ ಸೇರಿದ್ದೆ. ಆ ದೃಶ್ಯ ನೋಡಿ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಬೇರೆ ಕಾಲೇಜಿನವರು ನಮ್ಮನ್ನು ಕಂಡರೆ ಸಾಕು, ಕೈ ಮೇಲೆತ್ತಿ ಬಾವಲಿಯ ಹಾಗೆ ನಿಲ್ಲುತ್ತಿದ್ದರು. ಹೆಸರು ಅಲ್ಲಿಯತನಕ ಮುಟ್ಟಿತ್ತು.

ಆಟ ಮಾತ್ರ ಚೆನ್ನಾಗಿ ಕಲಿಸಿದರು, ಸುಳ್ಳು ಹೇಳಬಾರದು. ಮೂವತ್ತೈದು ವರ್ಷದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಅವರು ಕೊಟ್ಟ ಆಟಗಾರರು ಐವತ್ತರ ಮೇಲೆ. ಆದರೆ ನಾಲ್ಕು ಸಲ 'ಕಂಬ ಸರಿ ಇಲ್ಲ' ಎಂದು ಹೇಳಿ, ಶೂ ಕಟ್ಟಿಕೊಂಡು ನಿಂತ ತಂಡವನ್ನು ಆಡಿಸದೆ ವಾಪಸು ಕರೆತಂದಿದ್ದರು. ಅದರಲ್ಲಿ ಒಂದು ನನ್ನ ಕೊನೆಯ ವರ್ಷದ ಸೆಮಿಫೈನಲ್. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಸರ್ ಹುಟ್ಟಾ ಅಂಜುಬುರುಕರಲ್ಲ. 1990ರಲ್ಲಿ ಕೆಲಸಕ್ಕೆ ಸೇರಿದಾಗ ಅವರ ಸೀಟಿ ಕೇಳಿದರೆ ಹುಡುಗರ ಎದೆ ಝಲ್ಲೆನ್ನುತ್ತಿತ್ತಂತೆ. ಎದುರು ಮಾತಾಡಿದವನಿಗೆ ಮೈದಾನದ ಸುತ್ತ ಇಪ್ಪತ್ತು ಸುತ್ತು. ಅವರ ಮುಂದೆ 'ಹೌದ್ರಿ ಸರ್' ಎಂಬುದೊಂದೇ ಮಾತು. ಬೀದರವೊಂದೇ ಅಲ್ಲ, ಭಾಲ್ಕಿಯಲ್ಲೂ ಔರಾದದಲ್ಲೂ ಕೋರ್ಟ್ ಆಗಬೇಕೆಂಬ ಹುಚ್ಚು ಅವರಿಗಿತ್ತು. 1993ರ ಜನವರಿಯಲ್ಲಿ ಕಬ್ಬಿಣದ ಎರಡು ಕಂಬ ಟೆಂಪೋದಲ್ಲಿ ಹೇರಿಕೊಂಡು ತಂಡದ ಹುಡುಗರ ಜೊತೆ ಔರಾದಕ್ಕೆ ಹೋಗಿ ಒಂದು ಬಯಲಿನಲ್ಲಿ ನೆಟ್ಟು ಬಂದರು. ಏಪ್ರಿಲ್‌ನಲ್ಲಿ ಅಲ್ಲಿ ಮೊದಲ ಪಂದ್ಯ. ಔರಾದದವನೇ ಆದ ಕ್ಯಾಪ್ಟನ್ ಕೈಲಾಶ, ರೈತರ ಮನೆಯ ಹುಡುಗ, ಚೆಂಡು ಹಾಕಲು ಹಾರಿದ. ಕೈ ರಿಂಗಿಗೆ ಸಿಕ್ಕಿತು. ಕಂಬ ಸಾವಕಾಶ ಬಾಗಿತಂತೆ, ನೋಡುತ್ತಿದ್ದವರಿಗೆ ಕೂಗಲೂ ಪುರುಸೊತ್ತು ಸಿಗುವಷ್ಟು ಸಾವಕಾಶ. ಕೈಲಾಶ ಬದುಕಿದ. ಅವನ ಬಲಗೈ ಮಾತ್ರ ಆವತ್ತಿನಿಂದ ಭುಜದ ಮೇಲೆ ಏಳುವುದಿಲ್ಲ. ಕಂಬ ಗಾಳಿಗೆ ಬಿತ್ತು ಎಂದು ಕಾಗದದಲ್ಲಿ ಬರೆದರು. ಆವತ್ತು ಗಾಳಿ ಇತ್ತೇ ಎಂದು ಯಾರೂ ಕೇಳಲಿಲ್ಲ.

ನನಗೆ ತಿಳಿದಿದ್ದ ಕತೆ ಇಷ್ಟೇ. ಉಳಿದದ್ದನ್ನು ಸರ್ ಹೇಳಿದ್ದು ಈಗ, 2025ರ ಏಪ್ರಿಲ್‌ನಲ್ಲಿ, ನಿವೃತ್ತಿಗೆ ಒಂದೂವರೆ ತಿಂಗಳು ಇರುವಾಗ.

ಹುಡುಗಿಯರ ಅಂತರ ಕಾಲೇಜು ಪಂದ್ಯ. ಭಾಲ್ಕಿಯಲ್ಲಿ ಸೆಮಿಫೈನಲ್ ಗೆದ್ದಿದ್ದೆವು. ಫೈನಲ್ ಔರಾದದ ಒಂದು ಕಾಲೇಜಿನ ಹೊಸ ಕೋರ್ಟಿನಲ್ಲಿ. ಗೆದ್ದರೆ ಸರ್‌ಗೆ ಕಪ್ ಹಿಡಿದುಕೊಂಡು ಮನೆಗೆ ಹೋಗುವ ಭಾಗ್ಯ. ತಂಡದಲ್ಲಿ ಎಲ್ಲರಿಗಿಂತ ಎತ್ತರದವಳು ಮಹಾಮಾಯಾ, ಅದೇ ಕೈಲಾಶನ ಮಗಳು. ಭಾಲ್ಕಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹುಡುಗಿಯರು ಕೇಕೆ ಹಾಕುತ್ತಿದ್ದರು. ಸರ್ ಮುಂದಿನ ಚಹಾ ಆರಿ ಕೆನೆಗಟ್ಟಿತ್ತು.

"ಸಪನಾ, ಔರಾದ ಬ್ಯಾಡ ಅನಸ್ಲತ್ತದ" ಎಂದರು.

"ಸರ್, ಮತ್ತ ಸುರು ಮಾಡಬ್ಯಾಡ್ರಿ."

ಅವರು ಮಾತು ಮುಂದುವರಿಸಿದರು. ಅವರ ತಂದೆ ಗೋರಖನಾಥ ಬೀದರದಲ್ಲಿ ಬಾವಿ ತೋಡುವವರು. ಬೀದರದ ನೆಲ ಕೆಂಪು ಕಲ್ಲಿನ ನೆಲ. ಮೂರು ಫೂಟು ತೋಡಿ ಕಂಬ ನಿಲ್ಲಿಸಿದರೆ ಕಲ್ಲೇ ಹಿಡಿದುಕೊಳ್ಳುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ ಎಂದು ತಂದೆ ಹೇಳಿಕೊಟ್ಟಿದ್ದರು. ಔರಾದದ್ದು ಕಪ್ಪು ಎರೆಮಣ್ಣು. ಜನವರಿಯಲ್ಲಿ ಹಸಿ ಇದ್ದಾಗ ಬಿಗಿಯಾಗಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ.

"ಅಲ್ಲೂ ಮೂರು ಫೂಟ ಸಾಕು ಅಂದಾಂವ ನಾನು. ಗಾಳಿ ಅಲ್ಲ ಸಪನಾ, ನಾನು. ಮೂವತ್ತೆರಡು ವರ್ಷ ಆತು, ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಈಗ ಅವನ ಮಗಳನ್ನ ಅದೇ ಮಣ್ಣಿಗಿ ಕರಕೊಂಡು ಹೊಂಟೀನಿ."

ಮೊದಲ ಸಲ ನನಗೂ ಹೆದರಿಕೆಯಾಯಿತು. "ಹೋಗಿ ಕಂಬ ನೋಡೂಣ್ರಿ ಸರ್" ಎಂದೆ.

ಮರುದಿನ ಔರಾದದಲ್ಲಿ ಇಳಿದಾಗ ಬೆಳಗಿನ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕೋರ್ಟ್ ನೋಡಿ ನನಗೆ ಜೀವ ಬಂತು. ನೆಲ ಬೀದರದ ಹಾಗೇ ಕೆಂಪಗಿತ್ತು. ಕಂಬಕ್ಕೆ ಹೊಸ ಬಣ್ಣ, ಬುಡಕ್ಕೆ ಸಿಮೆಂಟು. ಅಲ್ಲಿನ ಕೋಚ್ ಹಾವಗೆಪ್ಪ ನಗುತ್ತಾ ಬಂದರು. "ಬರ್ರಿ ಸರ್, ಬರ್ರಿ. ಸ್ಟೂಲ್ ರೆಡಿ ಇಟ್ಟೀವ್ರಿ ನಿಮಗ."

ಸುತ್ತ ನಿಂತವರು ಗೊಳ್ಳೆಂದರು. ಸರ್ ನಗಲಿಲ್ಲ. ದೂಡಿದರು, ಬಡಿದು ನೋಡಿದರು, ಜೋಳಿಗೆ ಹಾಕಿಕೊಂಡು ಹತ್ತಿದರು. ಮುನ್ನೂರು ಜನ ನೋಡುತ್ತಿದ್ದರು, ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಏಕ, ದೋನ, ತೀನ. ನಾನೂ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಎರಡೂ ಕಂಬ ಅಲುಗಲಿಲ್ಲ. ಅವರು ಇಳಿದರು. ನೆಲ ನೋಡಿದರು, ನನ್ನನ್ನು ನೋಡಿದರು, ಜನರನ್ನು ನೋಡಿದರು. ಕೊನೆಯ ಪಂದ್ಯ, ನಗುವ ಜನ, ಕೆಂಪು ನೆಲ. ಅವರಿಗೂ ಒಂದು ಸಲ ನಂಬಬೇಕೆನಿಸಿತೋ ಏನೋ.

"ಆಡ್ರಿ" ಎಂದರು.

ಹುಡುಗಿಯರು ಶೂ ಕಟ್ಟತೊಡಗಿದರು. ಮಹಾಮಾಯಾ ಕಟ್ಟಲಿಲ್ಲ. ಬೇಲಿಯಿಂದ ಒಂದು ತೊಗರಿ ಕಟ್ಟಿಗೆ ಮುರಿದುಕೊಂಡು ಬಂದು ಕಂಬದ ಹಿಂದೆ ಕೂತಳು. ಮೇಲೆ ತಂದು ಹಾಸಿದ್ದ ಕೆಂಪು ಮುರುಮು ಮಣ್ಣನ್ನು ಕೈಯಿಂದ ಸರಿಸಿದಳು. ಮುರುಮು ನಾಲ್ಕು ಬೆರಳು ದಪ್ಪ ಅಷ್ಟೇ. ಅದರ ಕೆಳಗೆ ಕಪ್ಪು ಮಣ್ಣು, ಸಿಮೆಂಟಿನ ಅಂಚಿಗೆ ಹೊಂದಿಕೊಂಡೇ ಒಂದು ಬಿರುಕು. ಅವಳು ಕಟ್ಟಿಗೆ ಇಳಿಬಿಟ್ಟಳು. ಅದು ಇಳಿಯಿತು, ಇಳಿಯುತ್ತಲೇ ಹೋಯಿತು. ಕೊನೆಗೆ ಅವಳ ಬೆರಳು ನೆಲಕ್ಕೆ ತಾಗಿದವು.

"ಸರ್, ಆಡೋದು ಬ್ಯಾಡ್ರಿ" ಎಂದಳು. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿತು. "ನೀವು ಸುಮ್ಮ ಜೋತು ಬೀಳ್ತೀರಿ. ಆಡೋರು ಹಾರಿ ಜಗ್ತಾರ್ರಿ. ಬುಡದಾಗ ಏನೂ ಹಿಡದಿಲ್ರಿ."

ಸರ್ ಹಾವಗೆಪ್ಪನವರ ಕಡೆ ತಿರುಗಿದರು. "ಎಷ್ಟು ತೋಡೀರಿ?"

"ಮೂರು ಫೂಟ ರೀ ಸರ್. ಬೀದರದಾಗ ನಿಮ್ಮ ಕೋರ್ಟ್ ನೋಡಿ, ಅದೇ ಅಳತಿ ತಂದು ಹಾಕಿಸೀವ್ರಿ." ಅವರು ಹೆಮ್ಮೆಯಿಂದಲೇ ಹೇಳಿದರು.

ಸರ್ ಮುಖದಿಂದ ರಕ್ತ ಇಳಿದುಹೋಯಿತು. ಬೀಳುತ್ತಾರೆಂದು ನಾನು ತೋಳು ಹಿಡಿದೆ. ಅವರು ಬಿಡಿಸಿಕೊಂಡು, ತಮ್ಮ ಹುಡುಗಿಯರನ್ನಷ್ಟೇ ಅಲ್ಲ, ಎದುರು ತಂಡದ ಹುಡುಗಿಯರನ್ನೂ ಗೆರೆಯಿಂದ ಆಚೆ ಕಳಿಸಿದರು. ಆಮೇಲೆ ಗದ್ದಲವೇ ಗದ್ದಲ. ಪಂದ್ಯ ಬೀದರಕ್ಕೆ ಹಾಕಿ ಎಂದು ಬೇಡಿಕೊಂಡೆವು. ಪಂದ್ಯ ನಡೆಸುವವರು ಆಗುವುದಿಲ್ಲ ಎಂದರು. ಆಡದ ತಂಡ ಸೋತಂತೆ ಎಂದು ಬರೆದುಕೊಂಡರು. ನಮ್ಮ ಹುಡುಗಿಯರು ಅತ್ತರು, ಹಿಂದಿನಿಂದ ಯಾರೋ "ಬಾವಲಿ" ಎಂದು ಕೂಗಿದರು. ಕೂಗಿದವನ ಕಪಾಳಕ್ಕೆ ಬಾರಿಸೋಣ ಎಂದು ತಿರುಗಿದೆ. ಆ ಹೆಸರು ಇಟ್ಟವಳು ನಾನೇ ಎಂದು ನೆನಪಾಗಿ ಸುಮ್ಮನಾದೆ.

ಆ ಕಂಬ ಇವತ್ತಿಗೂ ನಿಂತಿದೆ. ಮಳೆ ಬಂತು, ಮಣ್ಣು ಉಬ್ಬಿತು, ಬಿರುಕು ಮುಚ್ಚಿತು. ಹಾವಗೆಪ್ಪನವರು ಸಿಕ್ಕಾಗಲೆಲ್ಲ ಅದನ್ನು ಹೇಳಿ ನಗುತ್ತಾರೆ. ಬೇಸಿಗೆ ಮತ್ತೆ ಹತ್ತಿರ ಬರುತ್ತಿದೆ, ಔರಾದದಿಂದ ಫೋನು ಬಂದರೆ ಎತ್ತಲು ನನಗೆ ಹೆದರಿಕೆ.

ಪಂದ್ಯ ನಿಂತ ಆ ದಿನ ಕೈಲಾಶ ಹುಡುಗಿಯರಿಗೆಂದು ಮನೆಯಿಂದ ರೊಟ್ಟಿ, ಪುಂಡಿಪಲ್ಯ ಕಟ್ಟಿಸಿಕೊಂಡು ಬಂದಿದ್ದ. ಐವತ್ತೆರಡು ವರ್ಷ, ತಲೆ ಬೆಳ್ಳಗಾಗಿದೆ. ಬೇವಿನ ಮರದ ಕೆಳಗೆ ಎಲ್ಲರಿಗೂ ಎಡಗೈಯಿಂದಲೇ ಬಡಿಸಿದ. ಸರ್ ತಟ್ಟೆ ಮುಟ್ಟಲಿಲ್ಲ.

"ಕೈಲಾಶ, ಒಂದು ಮಾತು ಹೇಳೋದದ" ಎಂದರು. "ಆವತ್ತು ಬಿದ್ದದ್ದು ಗಾಳಿಗಲ್ಲೋ. ಮೂರು ಫೂಟ ಸಾಕು ಅಂದಾಂವ ನಾನು."

"ಗೊತ್ತದರಿ ಸರ್" ಎಂದ ಕೈಲಾಶ. "ಕುಣ್ಯಾಗ ಇಳದು ಟೇಪ ಹಿಡದಾಂವ ನಾನೇ ಅಲ್ರಿ?"

ಸರ್ ಅವನ ಹತ್ತಿರಕ್ಕೆ ಸರಿದು ಕೂತರು.

"ನಮ್ಮ ಎರಿ ಮಣ್ಣಾಗ ಮೂರು ಫೂಟಿಗಿ ಏನೂ ನಿಲ್ಲಂಗಿಲ್ರಿ. ನಮ್ಮ ಅಪ್ಪ ದನದ ಕೊಟ್ಟಿಗಿ ಕಂಬಕ್ಕೂ ಎದಿಮಟ ತೋಡ್ತಿದ್ದ. ನನಗ ಆವತ್ತೇ ಗೊತ್ತಿತ್ರಿ. ಬಾಯಿತನಕಾ ಬಂದಿತ್ತು ಮಾತು. ನೀವು ಮ್ಯಾಲ ನಿಂತು 'ಸಾಕಲ್ಲೋ?' ಅಂದ್ರಿ. 'ಹೌದ್ರಿ ಸರ್' ಅಂದೆ. ನನ್ನ ಕೈ ಹೋತು, ಹೋಗ್ಲಿ. ಬ್ಯಾರೆ ಹುಡುಗನ ಜೀವ ಹೋಗಿದ್ರ? ಅದು ನೆನಸಿದ್ರ ಇವತ್ತಿಗೂ ನಿದ್ದಿ ಹತ್ತಂಗಿಲ್ರಿ."



"ನನಗ ಅಷ್ಟು ಅಂಜತಿದ್ದೇನೋ?" ಸರ್ ಕೇಳಿದರು. ಮೂವತ್ತೆರಡು ವರ್ಷ ಬರೀ ಹೆದರಿಕೊಂಡೇ ಬದುಕಿದ ಮನುಷ್ಯನ ಪ್ರಶ್ನೆ ಅದು.

"ಅಂಜತಿದ್ದೆ ರೀ ಸರ್."

ಸರ್ ಮಹಾಮಾಯಾಳ ಕಡೆ ತಿರುಗಿದರು. "ನೀ ಅಂಜಲಿಲ್ಲೇನವಾ?"

"ಅಂಜಿದೆ ರೀ" ಎಂದಳು. "ಆದ್ರ ಅಪ್ಪ ದಿನಾ ಹೇಳ್ತಾನ್ರಿ, ಸರ್ ಮುಂದ ಸುಮ್ಮ ನಿಂದರಬ್ಯಾಡ ಅಂತ."

ಜೂನ್‌ನಿಂದ ಕೋರ್ಟ್ ನನ್ನ ಕೈಗೆ ಬಂದಿದೆ. ಪಾನಾ ನನ್ನ ಜೇಬಿನಲ್ಲಿದೆ, ಜೋಳಿಗೆಯೂ ನನ್ನದೇ. ಬೆಳಗ್ಗೆ ನಾನೇ ಜೋತುಬಿದ್ದು ಮೂವತ್ತು ಎಣಿಸುತ್ತೇನೆ. ಇಳಿದ ಮೇಲೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, "ಯಾರಿಗರ ಏನರ ಹೇಳೋದದೇನ್ರವಾ?" ಎಂದು ಕೇಳುತ್ತೇನೆ. ಹೆಚ್ಚಿನ ದಿನ ಎಲ್ಲರೂ ಒಟ್ಟಿಗೇ "ಇಲ್ರಿ ಮ್ಯಾಡಮ್" ಎನ್ನುತ್ತಾರೆ. ಜೋತುಬೀಳುವಾಗ ಆಗದ ಹೆದರಿಕೆ ನನಗೆ ಆಗ ಆಗುತ್ತದೆ. ಚೆಂಡು ಕೈಯಲ್ಲೇ ಹಿಡಿದುಕೊಂಡು ಒಬ್ಬೊಬ್ಬರ ಮುಖ ನೋಡುತ್ತಾ ಇನ್ನೊಂದು ಸಲ ಕೇಳುತ್ತೇನೆ.