ಕಲ್ಲಿನ ಮೇಲೆ ಕಾಯುತ್ತಿದ್ದ ಹೆಸರು

ಮೊನ್ನೆ ಭಾನುವಾರ ಮಗಳು ದೇವರ ಮುಂದೆ ಜಪಾನಿನಿಂದ ತಂದ ಊದುಬತ್ತಿ ಹಚ್ಚಿದಳು. ನಡುವೆ ಕಡ್ಡಿಯೇ ಇಲ್ಲದ, ತೆಳ್ಳನೆಯ ಹಸಿರು ಬತ್ತಿ. ಅದರ ವಾಸನೆ ಅಡುಗೆಮನೆಗೆ ಬಂದಾಗ ನನ್ನ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು. ಪಕ್ಕದ ಮನೆ ಅಜ್ಜಿ ಬದುಕಿದ್ದಾಗ, ಅಮೆರಿಕದ ಮೌಂಟನ್ ವ್ಯೂನ ನಮ್ಮ ಹಿತ್ತಿಲಿಗೆ ಬೆಳಗಾದರೆ ಬೇಲಿಯಾಚೆಯಿಂದ ಬರುತ್ತಿದ್ದದ್ದು ಇದೇ ವಾಸನೆ…

ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ. ಮಂಡ್ಯದಲ್ಲಿ ಪೇಂಟಿಂಗ್ ಕೆಲಸ ಕಲಿತವನು, ಇಲ್ಲಿ ನರ್ಸ್ ಆಗಿದ್ದ ಅಕ್ಕನ ಕಡೆಯಿಂದ ವೀಸಾ ಆಗಿ ಬಂದೆ. ಕಂಪ್ಯೂಟರ್ ಮುಟ್ಟದೆ, ಏಣಿ ಹತ್ತಿಯೇ ಈ ಊರಲ್ಲಿ ಮನೆ ಮಾಡಿದ್ದೇನೆ. ಆ ಹೆಮ್ಮೆ ನನಗಿದೆ, ಬಚ್ಚಿಡುವುದಿಲ್ಲ.

ಅಜ್ಜಿಗೆ ಮಾತ್ರ ನನ್ನ ಹೆಮ್ಮೆ ಕಂಡರೆ ನಗು. ಬೇಲಿಯ ಮೇಲಿಂದ ಪರ್ಸಿಮನ್ ಹಣ್ಣಿನ ಚೀಲ ದಾಟಿಸುತ್ತಾ, “ಊರ ಮನೆಗಳೆಲ್ಲ ನಿನ್ನ ಕೈಯಲ್ಲಿ ಮಿಂಚುತ್ತಿವೆ. ನಿನ್ನ ಬೇಲಿ ನೋಡು, ಭಿಕ್ಷುಕನ ಹಾಗಿದೆ” ಎಂದು ಹಂಗಿಸುತ್ತಿದ್ದರು. ಅವರದು ಹರಕು ಇಂಗ್ಲಿಷು, ನನ್ನದೂ ಹರಕು ಇಂಗ್ಲಿಷು. ಅದಕ್ಕೇ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಚಿಕ್ಕ ವಯಸ್ಸಿಗೇ ಗಂಡ ಸತ್ತು, ಕೈಗೂಸನ್ನು ಎತ್ತಿಕೊಂಡು ಜಪಾನಿನಿಂದ ಬಂದು, ಬಟ್ಟೆ ಹೊಲಿದು ಮಗನನ್ನು ಓದಿಸಿದವರು. ಕ್ಯೋಟೋ ಆಚೆ ಬೆಟ್ಟದ ಬುಡದಲ್ಲಿರುವ ಹಳೆಯ ಬೌದ್ಧ ದೇವಸ್ಥಾನವೊಂದರಲ್ಲಿ ಗಂಡನ ಸಮಾಧಿ ಇದೆ ಎಂದು, ದೇವಸ್ಥಾನದ ಹೆಸರನ್ನೂ ಸೇರಿಸಿ, ಒಮ್ಮೆ ಹೇಳಿದ್ದರು. “ಹೋದರೆ ಅದರ ಹೆಬ್ಬಾಗಿಲು ನೋಡಿ ಬಾ, ನಿನ್ನ ಸೊಕ್ಕು ಇಳಿಯುತ್ತದೆ.” ಅದಕ್ಕಿಂತ ಹೆಚ್ಚು ಏನೂ ಹೇಳಿರಲಿಲ್ಲ…

ಅಜ್ಜಿ ತೀರಿಕೊಂಡಾಗ ಮಗ ಬೂದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ದೋಣಿಯಲ್ಲಿ ಸಮುದ್ರಕ್ಕೆ ಒಯ್ದ. ನಾನೂ ಜೊತೆಗೆ ಹೋಗಿದ್ದೆ. ನಮ್ಮಪ್ಪನನ್ನು ಶ್ರೀರಂಗಪಟ್ಟಣದ ಹೊಳೆಯಲ್ಲಿ ಬಿಟ್ಟು ಬಂದದ್ದು ನೆನಪಾಯಿತು. “ನಮ್ಮಲ್ಲೂ ನೀರಿಗೇ ಬಿಡೋದು. ಒಳ್ಳೇದಾಯ್ತು ಬಿಡಿ” ಎಂದು ಮಗನ ಬೆನ್ನು ತಟ್ಟಿದ್ದೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ.

ಈ ವರ್ಷ ನಾವು ಮೂವರೂ ಊರಿಗೆ ಹೋಗುವಾಗ ಮಗಳು ದಾರಿಯಲ್ಲಿ ಜಪಾನ್ ಸೇರಿಸಿದಳು. ಅಜ್ಜಿಯ ಹೆಸರಲ್ಲಿ ಅವರ ಗಂಡನಿಗೆ ಒಂದು ಊದುಬತ್ತಿ ಹಚ್ಚಿ ಬರೋಣ ಎಂದು ನಾನೇ ಹಟ ಹಿಡಿದೆ. ಹೆಬ್ಬಾಗಿಲು ನೋಡಿದೆ. ಇಬ್ಬರು ತಬ್ಬಿದರೂ ಸಿಕ್ಕದ ಕಂಬಗಳು. ನೂರಾರು ವರ್ಷದ ಮರ. ಒಂದು ಕೋಟು ವಾರ್ನಿಶ್ ಇಲ್ಲ.

“ಇಲ್ಲಿ ನಿಮ್ಗೆ ಕೆಲ್ಸ ಸಿಗಾಕಿಲ್ಲ ಕಣ್ರೀ” ಎಂದು ಹೆಂಡತಿ ನಕ್ಕಳು.

ಮಗಳು ಅಜ್ಜಿಯ ಮನೆತನದ ಹೆಸರು ಹೇಳಿದ್ದೇ ತಡ, ಅಲ್ಲಿನ ಗುರುಗಳ ಮುಖ ಅರಳಿತು. ಐವತ್ತು ದಾಟಿದ ಮನುಷ್ಯ. ಚಪ್ಪಲಿ ಮೆಟ್ಟಿ ತಾವೇ ಮುಂದೆ ನಡೆದು, ಹಿಂಭಾಗದ ಸಮಾಧಿಗಳ ಸಾಲಿನಲ್ಲಿ ಒಂದು ಪಾಚಿಗಟ್ಟಿದ ಕಲ್ಲಿನ ಮುಂದೆ ನಿಲ್ಲಿಸಿದರು. ಕಲ್ಲಿನ ಮೇಲೆ ಅಕ್ಷರಗಳ ಎರಡು ಸಾಲು. ಒಂದು ಕಲ್ಲಿನದೇ ಬಣ್ಣ. ಇನ್ನೊಂದು ಕೆಂಪಗೆ ಹೊಳೆಯುತ್ತಿತ್ತು.

“ಕುಂಕುಮ ಇಟ್ಟವ್ರೆ ನೋಡ್ರೀ, ನಮ್ಮೋರಂಗೇ!” ಎಂದಳು ಹೆಂಡತಿ.

ಕುಂಕುಮವಲ್ಲ. ಪೇಂಟು. ಬಿಸಿಲು ಮಳೆಗೆ ಎಲ್ಲಕ್ಕಿಂತ ಮೊದಲು ಮಾಸುವುದು ಕೆಂಪು. ಕಲ್ಲು ಅಷ್ಟು ಹಳೆಯದು, ಬಣ್ಣ ಮಾತ್ರ ಹೊಸದು. ಯಾರೋ ಮತ್ತೆ ಮತ್ತೆ ಬಳಿಯುತ್ತಿದ್ದಾರೆ. ಯಾಕೆ? ಮಗಳು ಫೋನನ್ನು ಗುರುಗಳ ಮುಂದೆ ಹಿಡಿದಳು. ಅವರ ಮಾತನ್ನು ಅದು ಇಂಗ್ಲಿಷ್ ಮಾಡಿತು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು.

“ಅಪ್ಪ… ಗಂಡ ತೀರ್ಕೊಂಡಾಗ ಹೆಂಡ್ತಿ ಹೆಸರೂ ಪಕ್ಕದಲ್ಲೇ ಕೆತ್ತಿಸ್ತಾರಂತೆ. ಬದುಕಿರೋವರ್ಗೂ ರೆಡ್. ಅವ್ರೂ ಹೋದ್ಮೇಲೆ ರೆಡ್ ತೆಗ್ದು, ಬೂದೀನ ಒಳಗೆ ಗಂಡನ ಜೊತೇಲಿ ಇಡ್ತಾರಂತೆ. ಇದು ನಮ್ಮ ಅಜ್ಜಿ ಹೆಸ್ರು.”

ಆ ಅಜ್ಜಿ ಬೇಲಿಯಾಚೆ ನಿಂತು ನನ್ನನ್ನು ಹಂಗಿಸುತ್ತಿದ್ದ ಅಷ್ಟೂ ವರ್ಷ, ಸಮುದ್ರದಾಚೆ ಈ ಕಲ್ಲು ಅವರಿಗೆ ಜಾಗ ಹಿಡಿದು ಕೂತಿತ್ತು. ನಮ್ಮ ಪಿತೃಪಕ್ಷದ ಹಾಗೆ ಅವರಲ್ಲೂ ಹಿರಿಯರ ಹಬ್ಬವಿದೆಯಂತೆ. ಪ್ರತಿ ವರ್ಷ ಅದಕ್ಕೆ ಮೊದಲು ಗುರುಗಳೇ ಆ ಅಕ್ಷರಗಳಿಗೆ ಬಣ್ಣ ತುಂಬುತ್ತಾರೆ. ಮೊದಲು, ಅಲ್ಲಿ ಗುರುಗಳಾಗಿದ್ದ ಅವರ ಅಪ್ಪ ತುಂಬುತ್ತಿದ್ದರು.

ಗುರುಗಳು ನನ್ನ ಕಡೆ ತಿರುಗಿ ನಗುತ್ತಾ ಏನೋ ಕೇಳಿದರು.

“ಅಜ್ಜಿ ಹೇಗಿದ್ದಾರೆ ಅಂತಿದಾರೆ. ಅಪ್ಪ, ನೀನೇ ಹೇಳು. ಐ ಕಾಂಟ್.”

ಎಂಥೆಂಥ ಕಂಟ್ರಾಕ್ಟರುಗಳ ಬಾಯಿ ಮುಚ್ಚಿಸಿದವನು ನಾನು. ಎರಡೂ ಕೈ ಜೋಡಿಸಿ ತಲೆ ತಗ್ಗಿಸಿದೆ. ಅವರಿಗೆ ಅರ್ಥವಾಯಿತು. ಕಲ್ಲಿಗೆ ಒಮ್ಮೆ ಕೈ ಮುಗಿದು ಇನ್ನೊಂದು ಪ್ರಶ್ನೆ ಕೇಳಿದರು: ಬೂದಿಯನ್ನು ಯಾವಾಗ ತರುತ್ತೀರಿ?

ಸಮುದ್ರಕ್ಕೆ ಬಿಟ್ಟಿದ್ದೇವೆ ಎಂದು ಮಗಳು ಫೋನಿಗೆ ಹೇಳಿದಳು. ಅದು ಆ ಮಾತನ್ನು ಯಾವ ಅಳುಕೂ ಇಲ್ಲದೆ ಜಪಾನಿಯಲ್ಲಿ ಒದರಿಬಿಟ್ಟಿತು. ಗುರುಗಳ ಮುಖ ಬಿಳುಚಿತು. ಆಮೇಲೆ ಮರದ ಸೌಟಿನಲ್ಲಿ ನೀರು ತಂದು ಕಲ್ಲಿಗೆ ಹೊಯ್ದರು. ನನ್ನ ಕೈಯಲ್ಲೂ ಹೊಯ್ಯಿಸಿದರು. ಅಜ್ಜಿಯದೊಂದು ಕೂದಲು, ಒಂದು ಕನ್ನಡಕ, ಏನಾದರೂ ಸರಿ, ತನ್ನಿ. ಒಳಗಿಟ್ಟು ಮಂತ್ರ ಹೇಳುತ್ತೇನೆ. ಅಲ್ಲಿಯವರೆಗೆ ಈ ಕೆಂಪು ತೆಗೆಯುವುದಿಲ್ಲ, ಎಂದರು.

ವಾಪಸ್ ಬಂದವನೇ ಅಜ್ಜಿಯ ಮಗನಿಗೆ ಫೋನ್ ಮಾಡಿದೆ. ಕೆಲಸ ಮುಗಿಸಿಕೊಂಡು ಫಾಸ್ಟರ್ ಸಿಟಿಯಿಂದ ನಿನ್ನೆ ಬಂದ. ಅವನಿಗೂ ಏನೂ ಗೊತ್ತಿರಲಿಲ್ಲ. ಅಮ್ಮ ಹೇಳಿರಲೇ ಇಲ್ಲ. ಮಗನ ಬದುಕು ಇಲ್ಲಿದೆ, ನಾನು ಸತ್ತ ಮೇಲೂ ಅವನನ್ನು ಯಾಕೆ ಅಷ್ಟು ದೂರ ಓಡಾಡಿಸಲಿ ಎಂದುಕೊಂಡರೋ ಏನೋ… ಮನೆ ಮಾರುವಾಗ ಬಟ್ಟೆ, ಬಾಚಣಿಗೆ, ಕನ್ನಡಕ, ಹೊಲಿಗೆ ಮಿಷನ್ನು, ಎಲ್ಲವನ್ನೂ ಖಾಲಿ ಮಾಡುವವರಿಗೆ ಒಪ್ಪಿಸಿಬಿಟ್ಟಿದ್ದ.

“ಏನೂ ಉಳಿದಿಲ್ಲ” ಎಂದ. “ಹಾಗಾದರೆ ಅಪ್ಪನ ಪಕ್ಕದ ಜಾಗ?” ಎಂದ.

ನಾನು ತೆಗೆದಿದ್ದ ಕಲ್ಲಿನ ಫೋಟೋವನ್ನು ಫೋನಿನಲ್ಲಿ ತೆರೆದು ಅವನ ಕೈಗಿಟ್ಟೆ.

ಅವನು ಅದನ್ನು ದೊಡ್ಡದು ಮಾಡಿಕೊಂಡು ನೋಡುತ್ತಾ ಕೂತ. ಇಲ್ಲೇ ಬೆಳೆದವನು, ಜಪಾನಿ ಓದಲು ಬರುವುದಿಲ್ಲ. “ಇದರಲ್ಲಿ ಅಮ್ಮ ಯಾವುದು?” ಎಂದು ನನ್ನನ್ನೇ ಕೇಳಿದ.

“ಕೆಂಪಗಿರೋದು” ಎಂದೆ.

ಅವನು ಮೇಜಿನ ಮೇಲೆ ಬೆರಳಿಟ್ಟು, ಫೋಟೋ ನೋಡಿಕೊಂಡು, ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆ ಎಳೆಯತೊಡಗಿದ. ಅಕ್ಷರ ತಿದ್ದುವ ಮಗುವಿನ ಹಾಗೆ. ಸರಿಯಾಗಿ ಬರುತ್ತಿದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ. ತಿಳಿಯುವವರು ಪಕ್ಕದ ಮನೆಯಲ್ಲಿ ಈಗ ಇಲ್ಲ.